ನಿನ್ನ ನೀರು ಅವಳ ಗಂಟಲಿಗೆ ಇಳಿಯದಿರಲಿ

ಗಜೇಂದ್ರಗಡದ ಗುಡ್ಡದ ಕಳಕಪ್ಪನನ್ನು ಮನೆದೇವರೆಂದು ನಂಬಿ ನಡೆದ ಎಲ್ಲ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ಕೈಮುಗಿದು ಇದನ್ನು ಬರೆಯುತ್ತಿದ್ದೇನೆ. ಕಷ್ಟ ಬಂದಾಗ ನಾವು ಗುಡ್ಡದ ಕಡೆ ಮುಖ ಮಾಡಿ ಅವನ ತೀರ್ಥವನ್ನು ಬೇಡುತ್ತೇವೆ. ನಾನು ಮಾತ್ರ ಅವನ ತೀರ್ಥದ ಒಂದು ಹನಿಯೂ ನನ್ನ ತಂಗಿಯ ಬಾಯಿಗೆ ಬೀಳದಿರಲಿ ಎಂದು ಬೇಡಿಕೊಂಡೆ. ಅವನು ಅದನ್ನೂ ನಡೆಸಿಕೊಟ್ಟ. ಹೇಗೆ ನಡೆಸಿಕೊಟ್ಟನೆಂಬುದನ್ನು ಹೇಳುತ್ತೇನೆ.

ಏಕೀಕರಣವಾದ ಮೇಲೆ ಬಂದ ಮೊದಲ ಬೇಸಿಗೆ ಅದು. ಜೋಳದ ಸುಗ್ಗಿ ಮುಗಿದು ಎರೆ ಹೊಲಗಳು ಬಿರಿಯತೊಡಗಿದ್ದವು. ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ ನರಗುಂದದ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ತಂಗಿ ಗಿರಿಜಾ ಚೊಚ್ಚಿಲ ಹೆರಿಗೆಗೆಂದು ಅಬ್ಬಿಗೇರಿಯ ತವರಿಗೆ ಬಂದಿದ್ದಳು. ಅವಳ ಗಂಡನದು ದೂರದ ರೈಲ್ವೆ ನೌಕರಿ. ಕಾಲು ಬಾತಿವೆ, ತಲೆ ಸಿಡಿಯುತ್ತದೆ ಎಂದು ಅವಳು ಹೇಳುತ್ತಿದ್ದಳಂತೆ. "ಬಸರಿ ಹೆಣಮಕ್ಕಳ ಕಾಲು ಬಾಯೂದs" ಎಂದು ಅವ್ವ ಸುಮ್ಮನಾಗಿದ್ದಳು.

ಹೆಣ್ಣು ಕೂಸು ಹುಟ್ಟಿತೆಂದು ಹೇಳಿಕಳಿಸಿದ್ದರು. ನಾನು ಕೂಸಿನ ತಲೆಗೆ ಕುಲಾಯಿ, ಹೊದಿಸಲು ದುಬಟಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದೆ. ರೋಣದಲ್ಲಿ ಇಳಿದಾಗ ನಮ್ಮೂರಿನವರೊಬ್ಬರು ನನ್ನನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿದರು. ಒತ್ತಾಯ ಮಾಡಿದ ಮೇಲೆ ಹೇಳಿದರು: "ಅಕ್ಕೋರ, ಲಗೂ ಹೋಗ್ರಿ. ಬಾಣಂತಿಗೆ ಗಾಳಿ ಬಡದೈತಿ."

ಮನೆಯ ಹೊಸ್ತಿಲಲ್ಲೇ ಮೆಣಸಿನಕಾಯಿ ಹೊಗೆ ಕಣ್ಣಿಗೆ ಹೊಡೆಯಿತು. ಬಾಣಂತಿ ಕೋಣೆಯ ತುಂಬ ಹೆಂಗಸರು. ನಡುವೆ ಗಿರಿಜಾ ಅಂಗಾತ ಮಲಗಿದ್ದಳು. ಕಣ್ಣುಗುಡ್ಡೆ ಮೇಲೇರಿತ್ತು. ನಾಲಿಗೆ ಕಚ್ಚಿಕೊಂಡು ಗಲ್ಲಕ್ಕೆಲ್ಲ ರಕ್ತ ಹತ್ತಿತ್ತು. ಗಾಳಿ ಬಿಡಿಸಲೆಂದು ಚಪ್ಪಲಿಯಿಂದ ಹೊಡೆದ ಗುರುತು ಕೆನ್ನೆಯ ಮೇಲೆ ಎದ್ದು ಕಾಣುತ್ತಿತ್ತು. ನಮ್ಮ ಸೋದರಮಾವ ಸಂಗಪ್ಪ ತಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದ. ಅವ್ವನ ಪಕ್ಕದಲ್ಲಿ ಅಗಲ ಬಾಯಿಯ ಹಿತ್ತಾಳೆ ತಂಬಿಗೆ, ಅದರ ತುಂಬ ಗಜೇಂದ್ರಗಡದ ಗುಡ್ಡದಿಂದ ತಂದಿಟ್ಟ ಅಂತರಗಂಗೆಯ ನೀರು, ಬಂಡೆಯಿಂದ ಒಸರುವ ಕಳಕಪ್ಪನ ತೀರ್ಥ; ಮೇಲೆ ಬಿಲ್ವಪತ್ರೆ.

ಅವ್ವ ತಂಗಿಯ ಕುಪ್ಪಸದೊಳಗಿಂದ ಇಷ್ಟಲಿಂಗದ ಕರಡಿಗೆಯನ್ನು ಹೊರಗೆಳೆದಳು. ನಮ್ಮ ಮನೆಯಲ್ಲಿ ಲಿಂಗಕ್ಕೆ ತೋರಿಸದೆ ನೀರು ಸಹ ಬಾಯಿಗೆ ಹಾಕುವುದಿಲ್ಲ. ಚಮಚದ ನೀರನ್ನು ಲಿಂಗಕ್ಕೆ ಮುಟ್ಟಿಸಿ ತುಟಿಗೆ ಹಿಡಿದಳು. ಹಲ್ಲು ಕಚ್ಚಿತ್ತು.

"ಬಾಯಿ ಬಿಡಸೋ ಸಂಗಪ್ಪಾ!"

ಮಾವ ಎಡಗೈಯಿಂದ ತಂಗಿಯ ಕೊರಳನ್ನು ಬಿಗಿಯಾಗಿ ಹಿಡಿದು, ಬಲಗೈಯಲ್ಲಿದ್ದ ಸಂದೂಕದ ಕಬ್ಬಿಣದ ಕೀಲಿಕೈಯನ್ನು ಹಲ್ಲಿನ ಸಂದಿಗೆ ತುರುಕಿ ತಿರುವಿದ. ಹಲ್ಲು ಲಟಕ್ಕೆಂದಿತು. ಅವ್ವ ಚಮಚ ಬಿಟ್ಟು ತಂಬಿಗೆಯನ್ನೇ ಬಗ್ಗಿಸಿದಳು.

ನಾನು "ಬ್ಯಾಡವ್ವಾ" ಎಂದು ಕೂಗಿದ್ದು ನನಗೇ ಕೇಳಲಿಲ್ಲ. ಕೇಳಿದ್ದು ಒಂದೇ ಸದ್ದು. ಖಾಲಿ ಕೊಡವನ್ನು ಬಾವಿಯೊಳಗೆ ಒತ್ತಿ ಮುಳುಗಿಸಿದಾಗ ಬರುತ್ತದಲ್ಲ, ಅಂಥ ಸದ್ದು ನನ್ನ ತಂಗಿಯ ಎದೆಯೊಳಗಿಂದ ಬಂತು. ಮೈ ಬಿಲ್ಲಿನಂತೆ ಬಾಗಿತು, ತಂಬಿಗೆಗೆ ಕೈ ಬಡಿದು ನೀರು ಚೆಲ್ಲಿತು. ತುಟಿ ಮೊದಲು ಬೂದಿಯ ಬಣ್ಣಕ್ಕೆ ತಿರುಗಿತು, ಆಮೇಲೆ ನೇರಳೆ ಹಣ್ಣಿನ ಬಣ್ಣಕ್ಕೆ. ಒಬ್ಬ ಹೆಂಗಸು, "ಹೊಟ್ಟಿಗೆ ಇಳೀತು ಬಿಡವಾ, ಇನ್ನ ಚಲೋ ಆಕೈತಿ" ಎಂದಳು. ಇಳಿದದ್ದು ಹೊಟ್ಟೆಗಲ್ಲ.

ಅಂದೇ ಚಕ್ಕಡಿ ಕಟ್ಟಿಸಿ ರೋಣದ ದವಾಖಾನೆಗೆ ತಂದೆವು. ದಾರಿಯುದ್ದಕ್ಕೂ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಪ್ರತಿ ಉಸಿರಿಗೂ ಹುಕ್ಕಾ ಸೇದಿದಂತೆ ಗುಳುಗುಳು ಎನ್ನುತ್ತಿತ್ತು. ಕೂಸನ್ನು ನೆರೆಮನೆಯ ಬಾಣಂತಿಯ ಮಡಿಲಲ್ಲಿ ಬಿಟ್ಟು ಬಂದಿದ್ದೆವು.

ಡಾಕ್ಟರರು ಬೆಳಗಾವಿ ಕಡೆಯವರು, ಮಾತು ಒರಟು. ನೋಡಿದ ಕೂಡಲೇ ಅವಳನ್ನು ಎಡಮಗ್ಗುಲಿಗೆ ಹೊರಳಿಸಿ, ಮಂಚದ ಕಾಲ್ದೆಸೆಯ ಕೆಳಗೆ ಇಟ್ಟಂಗಿ ಇಡಿಸಿ ತಲೆ ತಗ್ಗಿಗೆ ಬರುವಂತೆ ಮಾಡಿದರು. ನರ್ಸಬಾಯಿ ಕಾಲಿನಿಂದ ಹೀರುವ ಪಂಪು ತುಳಿದಳು. ಡಾಕ್ಟರರು ರಬ್ಬರಿನ ನಳಿಗೆಯನ್ನು ಗಂಟಲಿಗೆ ಇಳಿಸಿದರು. ಶೀಸೆಯೊಳಗೆ ನೀರು ಬಂತು, ಬಾಣಂತಿ ಊಟದ ತುಪ್ಪದ ಜಿಡ್ಡು ಬಂತು, ಕಡೆಗೆ ಹಸಿರಾದ ಒಂದು ಚೂರು ಬಂತು. ಅದು ಬಿಲ್ವಪತ್ರೆ.

"ಯಾರು ಹಾಕಿದ್ರು ಇದನ್ನ?"

ಅವ್ವ ಸೆರಗು ಬಾಯಿಗೆ ಹಿಡಿದು ನಿಂತಿದ್ದಳು. "ದೇವರ ತೀರ್ಥರೀ ಸಾಹೇಬರ" ಎಂದ ಸಂಗಪ್ಪ ಮಾವ.

"ದೇವರ ತೀರ್ಥ ಹೊಟ್ಟಿಗೆ ಹೋಗಬೇಕೋ, ಪುಪ್ಪುಸಕ್ಕ ಹೋಗಬೇಕೋ?" ಎಂದು ಗದರಿ, ಆಮೇಲೆ ನನ್ನ ಕಡೆ ತಿರುಗಿದರು. "ನೀವು ಓದಿದಾವ್ರು ಕಾಣತೀರಿ, ನೀವು ಕೇಳ್ರಿ. ಎಚ್ಚರ ಇದ್ದವರಿಗೆ ನೀರು ದಾರಿ ತಪ್ಪಿದ್ರ ಕೆಮ್ಮು ಬರತೈತಿ. ಈಕಿಗೆ ಎಚ್ಚರಿಲ್ಲ, ಗಂಟಲ ಕಾಯೋರು ಯಾರೂ ಇಲ್ಲ. ಫಿಟ್ಸ್ ನಾ ನಿಲ್ಲಸ್ತೀನಿ. ಆದ್ರ ಎದಿಯಾಗ ಹೋದ ನೀರು ನ್ಯುಮೋನಿಯಾ ಮಾಡಿದ್ರ ಈಕಿ ಉಳಿಯೂದಿಲ್ಲ. ಅದು ಆಗದಾಂಗ ನೋಡಕೋಬೇಕು. ಪೆನ್ಸಿಲಿನ್ ಚುಚ್ಚತೀನಿ, ಅದೊಂದರ ಮ್ಯಾಲ ಭಾರ ಹಾಕಿ ಕೂಡಬ್ಯಾಡ್ರಿ. ಅಂಗಾತ ಮಲಗಸಬ್ಯಾಡ್ರಿ. ಆ ಮಗ್ಗಲಿಂದ ಈ ಮಗ್ಗಲಿಗೆ ಹೊರಳಸ್ತನ ಇರ್ರಿ. ಬೆನ್ನ ಬಡೀರಿ, ಬಾಯಿ ಒರಸ್ರಿ. ಮೈಗೆ ಬೇಕಾದ ನೀರು ನಾ ಸೂಜಿಯಿಂದ ಕೊಡತೀನಿ, ಬಾಯಾಗ ಒಂದು ಹನಿ ಹಾಕಬ್ಯಾಡ್ರಿ. ಆಕಿ ತಾನs ಕೆಮ್ಮಿ, ತಾನs ನುಂಗೂತನಕ ಒಂದ ಹನಿ ಸೈತ!"

ಆ ಮಾತು ನನಗೆ ಔಷಧಿಯಂತೆ ಕೇಳಿಸಿತು. ಅವ್ವನಿಗೆ ಅದು ಶಾಪದಂತೆ ಕೇಳಿಸಿತು. ನಮ್ಮಲ್ಲಿ ಸಾಯುವವರ ಗಂಟಲು ಒಣಗಬಾರದು, ಅದರಲ್ಲೂ ಬಾಣಂತಿಯದು. ನೀರಿಲ್ಲದೆ ಸತ್ತ ಬಾಣಂತಿ ನೀರು ನೀರೆಂದು ಬಾವಿಕಟ್ಟೆಯ ಸುತ್ತ ಅಲೆಯುತ್ತಾಳೆಂದು ಅವ್ವ ಚಿಕ್ಕಂದಿನಿಂದ ಕೇಳುತ್ತ ಬಂದವಳು.

ಎದುರಿನ ಕಚೇರಿಯ ತಾಸಿನ ಗಂಟೆ ಬಾರಿಸಿದಂತೆಲ್ಲ ನಾನೂ ನರ್ಸಬಾಯಿಯೂ ಅವಳನ್ನು ಹೊರಳಿಸುತ್ತಿದ್ದೆವು. ಅಂಗೈ ಬೋಗುಣಿಯಂತೆ ಮಾಡಿ ಬೆನ್ನು ಬಡಿಯುವುದನ್ನು ಆಕೆ ತೋರಿಸಿಕೊಟ್ಟಳು. ಬೆರಳಿಗೆ ಒದ್ದೆ ಅರಿವೆ ಸುತ್ತಿ ಬಾಯೊಳಗಿನ ಜೊಲ್ಲು ತೆಗೆಯುತ್ತಿದ್ದೆ. ಅವ್ವ ಪಡಸಾಲೆಯಲ್ಲಿ ಕೂತು ಕಿಟಕಿಯೊಳಗಿಂದ ನೋಡುತ್ತಿದ್ದಳು.

"ತಾಯಿ ಕೈಯಾನ ನೀರು ಇಸಾ ಆತು ಈಕಿಗೆ. ನೋಡ್ರೆವಾ, ಕಾಲೇಜು ಕಲತು ಬಂದಾಳ ನನ್ನ ಮಗಳು! ತಂಗೀನ್ನ ಬಡೀತಾಳ, ಬಾಯಾಗಿನ ನೀರು ಅರಿವಿಯಿಂದ ಹೀರಿ ತಗೀತಾಳ" ಎಂದು ಉಳಿದ ರೋಗಿಗಳ ಕಡೆಯವರಿಗೆಲ್ಲ ಹೇಳುತ್ತಿದ್ದಳು. ಅವರು ನನ್ನನ್ನು ನೋಡುವ ನೋಟ ಬೇರೆಯಾಯಿತು. ಒಬ್ಬ ಮುದುಕಿ ನನ್ನ ಮುಂದೆ ಹಾದುಹೋಗುವಾಗ ಸೀರೆ ಎತ್ತಿ ಹಿಡಿದುಕೊಂಡಳು.

ಮರುದಿನ ಫಿಟ್ಸ್ ನಿಂತವು. ಜ್ವರ ಬಂತು. ಡಾಕ್ಟರರು ಸ್ಟೆಥಾಸ್ಕೋಪು ಇಟ್ಟು ಬೆನ್ನಿನ ಬಲಭಾಗವನ್ನು ಬಹಳ ಹೊತ್ತು ಕೇಳಿದರು. "ಕೆಳಗ ಸದ್ದು ಬರಾಕತ್ತೈತಿ" ಎಂದಷ್ಟೇ ಹೇಳಿ ಪೆನ್ಸಿಲಿನ್ ಮುಂದುವರಿಸಿದರು. ಅವರು ಹಳ್ಳಿಗಳಲ್ಲಿ ಕಾಲರಾ ಸೂಜಿ ಹಾಕಲು ಕ್ಯಾಂಪಿಗೆ ಹೋಗಲೇಬೇಕಾಗಿತ್ತು. ಹೋಗುವಾಗ, "ಬಾಯಿ ಕಾಯ್ರಿ" ಎಂದರು.

ಆ ಮಧ್ಯಾಹ್ನ ನಾನು ಸೋತೆ. ಅವಳ ಮೂಗಿನ ಹೊಳ್ಳೆಗಳು ಬಡಿಯುತ್ತಿದ್ದವು, ಉಗುರು ನೀಲಿಯಾಗಿತ್ತು. ಪಡಸಾಲೆಯಲ್ಲಿ ಸಂಗಪ್ಪ ಮಾವ ಅವ್ವನಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು:

"ನಾ ಹೊಲದಾಗ ಮಣ್ಣ ಮಾಡೂ ಕುಣಿ ತೋಡಾಕ ಹೇಳಿ ಬಂದೇನಿ ಅಕ್ಕಾ. ಬ್ಯಾಸಗಿ ಎರಿ, ಕಲ್ಲಾಗೇತಿ. ಆಗಿಂದಾಗ ತೋಡ್ತೇವಂದ್ರ ಆಗೂದಿಲ್ಲ."

"ಚಲೋ ಮಾಡಿದಿ" ಎಂದಳು ಅವ್ವ. ಅವಳು ಅಳುತ್ತಿರಲಿಲ್ಲ. "ಇನ್ನೊಂದ ಕೆಲಸ ಮಾಡು. ಗುಡ್ಡಕ್ಕ ಹೋಗು. ಅಂತರಗಂಗಿ ನೀರು ಹೊಸಾದು ತಗೊಂಡ ಬಾ. ಡಾಕ್ಟರಿಲ್ಲ. ನಾ ಕುಡಸ್ತೇನಿ. ಈಕಿ ಅಡ್ಡ ಬಂದ್ರ ಹಿಡಕೊಳ್ಳಾಕ ನೀ ಇರತಿ."

ಮಾವ ಗಜೇಂದ್ರಗಡದ ಬಸ್ಸಿಗೆ ಓಡಿದ.

ನನಗೆ ಯಾರಿದ್ದರು? ನರ್ಸಬಾಯಿಗೆ ಇಡೀ ದವಾಖಾನೆಯ ಕೆಲಸ. ಅವ್ವನಿಗೆ ಕೈಮುಗಿದೆ, ಕಾಲು ಹಿಡಿದೆ, ಕಾಲು ಹಿಂದಕ್ಕೆಳೆದುಕೊಂಡಳು. ಆಗ ತಂಗಿಯ ಮಂಚದ ಕಬ್ಬಿಣದ ಪಟ್ಟಿಗೆ ಹಣೆ ಒತ್ತಿ ನಾನು ಬೇಡಿಕೊಂಡದ್ದು ಇದು: "ಕಳಕಪ್ಪಾ, ಕಾಲನಿಗೇ ಕಾಲ ಅನಿಸಿಕೊಂಡವನೇ, ಬಂಡೆಯಿಂದ ನೀರು ತರಿಸುವವನು ನೀನು. ನಿನ್ನ ನೀರು ನಿನ್ನ ಹೆಸರಿನಲ್ಲೇ ಇವಳನ್ನು ಕೊಲ್ಲಲು ಬರುತ್ತಿದೆ. ಅದು ಇವಳ ಗಂಟಲಿಗೆ ಇಳಿಯದಿರಲಿ. ಅವ್ವನ ಕೈ ಹಿಡಿ. ನನ್ನ ಮಾತು ಅವಳು ಕೇಳುವುದಿಲ್ಲ, ನಿನ್ನದನ್ನು ಕೇಳುತ್ತಾಳೆ." ಇಂಥ ಪ್ರಾರ್ಥನೆ ಪಾಪವೇ ಎಂದು ಅನಿಸಿತು. ಆದರೂ ಬಿಡಲಿಲ್ಲ.

ಮಾವ ಗುಡ್ಡದ ನೀರು ತುಂಬಿದ ತಾಮ್ರದ ಗಿಂಡಿ ಹಿಡಿದು ಬಂದದ್ದು ಮರುದಿನ ಬಿಸಿಲೇರಿದ ಮೇಲೆ. ನರ್ಸಬಾಯಿ ಹೆರಿಗೆಯೊಂದಕ್ಕೆ ಒಳಗೆ ಹೋಗಿದ್ದಳು. ಅವ್ವ ಗಿಂಡಿ ಇಸಿದುಕೊಂಡು ನೆಟ್ಟಗೆ ಒಳಗೆ ಬಂದಳು.

"ಅತ್ತಾಗ ಸರಿ ನೀಲಾ" ಎಂದಳು ನನಗೆ.

"ಕೊಲ್ಲತಿ ಅವ್ವಾ."

"ಕೊಲ್ಲಾಕ ಏನೂ ಉಳದಿಲ್ಲ. ಉಳದಿದ್ದು ಗಂಟಲ ತೋಯಸೂದೊಂದs."

ನಾನು ಮಂಚಕ್ಕೆ ಅಡ್ಡ ನಿಂತೆ. ಅವ್ವ ನನ್ನ ಕೆನ್ನೆಗೆ ಹೊಡೆದಳು. ಮಾವ ಹಿಂದಿನಿಂದ ನನ್ನ ಎರಡೂ ತೋಳು ಹಿಡಿದು ಗೋಡೆಗೆ ಒತ್ತಿದ. "ಸುಮ್ನಿರವಾ ನೀಲಾ, ಪುಣ್ಯೇದ ಕೆಲಸ ಐತಿ, ಸುಮ್ನಿರ" ಎನ್ನುತ್ತಿದ್ದ, ಹೋರಿಯನ್ನು ಸಮಾಧಾನ ಮಾಡುವ ದನಿಯಲ್ಲಿ. ಪಕ್ಕದ ಮಂಚದವರೆಲ್ಲ ಎದ್ದು ಕೂತು ನೋಡಿದರು. ಯಾರೂ ಬರಲಿಲ್ಲ.

ಅವ್ವ ಗಿರಿಜಾಳನ್ನು ಅಂಗಾತ ತಿರುಗಿಸಿದಳು. ಬೆರಳಿನಿಂದ ತುಟಿ ಬಿಡಿಸಿದಳು. ಈಗ ಹಲ್ಲು ಕಚ್ಚಿರಲಿಲ್ಲ, ಬಾಯಿ ತಾನಾಗಿ ತೆರೆಯಿತು. ಚಮಚ ತುಂಬಿದಳು. ಲಿಂಗಕ್ಕೆ ಮುಟ್ಟಿಸಲೆಂದು ಇನ್ನೊಂದು ಕೈಯನ್ನು ಕುಪ್ಪಸದೊಳಗೆ ಹಾಕಿದಳು.

ಕೈ ಅಲ್ಲೇ ತಡಕಾಡಿತು. ಕೊರಳಿಗೆ ಬಂತು, ಹೆಗಲಿಗೆ ಹೋಯಿತು, ಬೆನ್ನಿನ ಕೆಳಗೆ ಹೋಯಿತು. ಚಮಚ ಕಲ್ಲುಹಾಸಿನ ಮೇಲೆ ಬಿತ್ತು.

"ಲಿಂಗಿಲ್ಲ" ಎಂದಳು.

ಅವ್ವ ಚೀರಿದ್ದನ್ನು ನಾನು ಜನ್ಮದಲ್ಲಿ ಕೇಳಿದ್ದು ಅದೊಂದೇ ಸಲ. ಅಪ್ಪ ತೀರಿಕೊಂಡಾಗಲೂ ಹಾಗೆ ಚೀರಿರಲಿಲ್ಲ. ಮೈಮೇಲಿನ ಲಿಂಗ ಹೋಗುವುದೆಂದರೆ ನಮ್ಮಂಥ ಮನೆಗಳಲ್ಲಿ ಏನೆಂದು ಇದನ್ನು ಓದುವ ನಿಮಗೆ ಹೇಳಬೇಕಾಗಿಲ್ಲ. ಪ್ರಾಣ ಹೋದರೂ ಲಿಂಗ ಹೋಗಬಾರದು. ಹೋದರೆ ಅದು ಸಿಗುವವರೆಗೆ ಬಾಯಿಗೆ ಅನ್ನವಿಲ್ಲ, ನೀರಿಲ್ಲ.

ಚೀರಾಟಕ್ಕೆ ನರ್ಸಬಾಯಿ ಓಡಿ ಬಂದಳು. ಅವ್ವ ಅವಳ ಸೆರಗು ಹಿಡಿದು ಜಗ್ಗಿದಳು: "ನೀನs ತಗದಿ! ನೀನs ಬಿಚ್ಚಿ ಒಗದಿ!" ಆಕೆ ಸೆರಗು ಬಿಡಿಸಿಕೊಳ್ಳಲಿಲ್ಲ. ಮೊದಲು ಗಿರಿಜಾಳನ್ನು ಮಗ್ಗುಲಿಗೆ ಹೊರಳಿಸಿದಳು, ಆಮೇಲೆ ಹೇಳಿದಳು: "ಬಂದಾಗs ಕೊರಳಾಗ ದಾರ ಇರಲಿಲ್ಲಬೇ. ದಾರ ಹರದ ಗೆರಿ ಇತ್ತು. ನೋಡ್ರಿ, ಇನ್ನೂ ಕಾಣತೈತಿ." ಕೊರಳಲ್ಲಿ ಕೆಂಪು ಗೆರೆ ಇತ್ತು. ಅದರ ಪಕ್ಕದಲ್ಲಿ ಬೆರಳುಗಳ ಗುರುತು. ಮಾವ ಆ ಗುರುತು ನೋಡಿದ, ತನ್ನ ಎಡಗೈ ನೋಡಿಕೊಂಡ. ನನ್ನ ತೋಳು ಬಿಟ್ಟ. ಹೊರಗೆ ಹೋದ.

ಅವನು ಅಬ್ಬಿಗೇರಿಯ ದಾರಿಯುದ್ದಕ್ಕೂ ಚಕ್ಕಡಿಯ ಗಾಲಿ ಗುರುತು ಹಿಡಿದು ಹುಡುಕುತ್ತ ಹೋದ. ಚಕ್ಕಡಿಯ ಹುಲ್ಲು ಝಾಡಿಸಿದ, ತಿಪ್ಪೆ ಕೆದರಿದ ಎಂದು ಆಮೇಲೆ ಗೊತ್ತಾಯಿತು.

ಇತ್ತ ಅವ್ವ ಗಿಂಡಿಯ ನೀರನ್ನು ದವಾಖಾನೆಯ ಬೇವಿನ ಬುಡಕ್ಕೆ ಸುರಿದು ಬಂದು ಮಂಚದ ಹತ್ತಿರ ಕೂತಳು. ತಾನೂ ನೀರು ಕುಡಿಯುವುದನ್ನು ಬಿಟ್ಟಳು. "ಲಿಂಗ ಸಿಗೂತನಕ ನನ್ನ ಮಗಳ ಬಾಯಾಗ ಯಾರೂ ಒಂದ ಹನಿ ಹಾಕಬಾರದು" ಎಂದು ನನಗೇ ತಾಕೀತು ಮಾಡಿದಳು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗಂಟೆ ಬಾರಿಸಿತು. ಹೊರಳಿಸಲು ನಾನು ಏಳುವ ಮೊದಲೇ ಅವ್ವ ಅವಳ ಸೊಂಟಕ್ಕೆ ಕೈ ಹಾಕಿದ್ದಳು. ಅರಿವೆ ನನ್ನ ಕೈಯಿಂದ ಕಸಿದುಕೊಂಡು, ಒಳಗೆ ಏನಾದರೂ ಹೋದೀತೆಂಬ ಭಯದಲ್ಲಿ, ಬಾಯಿಯ ಜೊಲ್ಲನ್ನು ನನಗಿಂತ ಹುಷಾರಾಗಿ ಒರೆಸಿದಳು. ನೀರು ಹಾಕಲು ಬಂದ ಕೈಯೇ ಬಾಯಿ ಕಾಯತೊಡಗಿತು. ನಾನು ಬೇಡಿಕೊಂಡಿದ್ದು ಅಷ್ಟೇ ಅಲ್ಲವೇ?

ಜ್ವರ ಮತ್ತೆ ಏರಿ, ಬೆವರಿ ಇಳಿಯಿತು. ಗಿರಿಜಾ ಒಂದು ಸಲ ಕೆಮ್ಮಿದಳು. ಆಮೇಲೆ ಮತ್ತೊಂದು ಸಲ ಜೋರಾಗಿ ಕೆಮ್ಮಿ ತುಕ್ಕಿನ ಬಣ್ಣದ ಕಫ ಹೊರಹಾಕಿದಳು. ಕಣ್ಣು ತೆರೆದಳು. ಕಚ್ಚಿದ ನಾಲಿಗೆಯಲ್ಲಿ ಮೊದಲು ಹೇಳಿದ್ದು: "ಅವ್ವಾ... ನೀರು."

ಇದಕ್ಕಿಂತ ಕ್ರೂರವಾದದ್ದನ್ನು ನಾನು ನೋಡಿಲ್ಲ. ಯಾವ ನೀರಿಗಾಗಿ ಅವ್ವ ನನ್ನನ್ನು ಹೊಡೆದಳೋ ಅದನ್ನು ಈಗ ಮಗಳೇ ಕೇಳುತ್ತಿದ್ದಾಳೆ. ಅವ್ವನ ತುಟಿಯೂ ಸೀಳಿತ್ತು. "ಇಲ್ಲ ನನ ಕೂಸ, ಈಗಿಲ್ಲ" ಎಂದಳು. ಗಿರಿಜಾ ಮತ್ತೆ ಕೇಳಿದಳು. "ಯಾಕಬೇ, ನಾ ಏನ ಮಾಡೇನಿ?" ಎಂದು ಕೇಳಿದಳು. ನೀರಿನ ಕೊಡ ಅವಳ ಕಣ್ಣಿಗೆ ಕಾಣುವ ಹಾಗೆ ಮೂಲೆಯಲ್ಲಿತ್ತು. ನಾನು ಎದ್ದು ಅದನ್ನು ಹೊರಗಿಟ್ಟು ಬಂದೆ. ಅವಳು ನನ್ನನ್ನು ನೋಡಿದ ನೋಟ ಇನ್ನೂ ನನ್ನ ಬೆನ್ನ ಮೇಲಿದೆ.

ಡಾಕ್ಟರರು ಕ್ಯಾಂಪಿನಿಂದ ಧೂಳು ಮೆತ್ತಿಕೊಂಡೇ ಬಂದರು. ಬೆನ್ನಿಗೆ ಸ್ಟೆಥಾಸ್ಕೋಪು ಇಟ್ಟರು. ಕೆಮ್ಮಿಸಿ ನೋಡಿದರು. ಉಗುಳು ನುಂಗಲು ಹೇಳಿ ಗಂಟಲ ಮೇಲೆ ಬೆರಳಿಟ್ಟರು. ಮೊದಲ ಸಲ ಅವರ ಮುಖ ಸಡಿಲಾಯಿತು. "ಕೂಡಸ್ರಿ. ಚಮಚದಿಂದ ಸಾವಕಾಶ ನೀರು ಹಾಕ್ರಿ."

"ಹಾಕಂಗಿಲ್ರಿ" ಎಂದಳು ಅವ್ವ.

"ಏನಂದ್ರಿ?"

"ಲಿಂಗ ಸಿಗಬೇಕ್ರಿ."

ಡಾಕ್ಟರರು ನನ್ನ ಕಡೆ ನೋಡಿದರು. "ಹೋಗೂ ಮುಂದ ಹಾಕತೀನಿ ಹಾಕತೀನಿ ಅಂತಿದ್ರು. ಈಗ ನಾನs ಹಾಕ್ರಿ ಅಂದ್ರ ಒಲ್ಲೆ ಅಂತಾರ. ನಿಮ್ಮ ತಾಯಿ ನನ್ನ ಕೂಡ ಹಗಿ ಸಾಧಿಸ್ತಾರೇನು?"

ಆಗ ಪಡಸಾಲೆಯಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಸಂಗಪ್ಪ ಮಾವ ಬರಿಗಾಲಲ್ಲಿ ಒಳಗೆ ಬಂದ. ಎರಡೂ ಕೈಯಲ್ಲಿ ಮನೆಯಲ್ಲೇ ಉಳಿದಿದ್ದ ಅಗಲ ಬಾಯಿಯ ಅದೇ ಹಿತ್ತಾಳೆ ತಂಬಿಗೆ, ಮೇಲೆ ಬಿಳಿ ಅರಿವೆ. ನಾನು ಎದ್ದು ಮತ್ತೆ ಮಂಚಕ್ಕೆ ಅಡ್ಡ ನಿಂತೆ. ಅವನು ಅದನ್ನು ನೆಲಕ್ಕಿಟ್ಟು, ಅರಿವೆ ತೆಗೆದು, "ನೋಡಕ್ಕಾ" ಎಂದ.

ತಳದಲ್ಲಿ ಉಳಿದ ತೀರ್ಥದೊಳಗೆ ತಂಗಿಯ ಕರಡಿಗೆ ಮುಳುಗಿ ಕೂತಿತ್ತು. ಹರಿದ ಶಿವದಾರ ನೀರಿನಲ್ಲಿ ಸುರುಳಿಯಾಗಿತ್ತು. ಅಂದು ಮಾವ ಕೊರಳು ಹಿಡಿದಿದ್ದಾಗ ಅವಳ ಮೈ ಬಾಗಿ ದಾರ ಹರಿದು, ಲಿಂಗ ಬಾಯಿಯ ಹತ್ತಿರವಿದ್ದ ತಂಬಿಗೆಗೆ ಬಿದ್ದಿತ್ತು. ಗದ್ದಲದಲ್ಲಿ ಯಾರೋ ತಂಬಿಗೆಗೆ ಅರಿವೆ ಕಟ್ಟಿ ಗೋಡೆಯ ದೇವರ ಮಾಡದಲ್ಲಿ ಇಟ್ಟಿದ್ದರು. ಊರೆಲ್ಲ ಹುಡುಕಿ ಸೋತ ಮಾವ, ದೇವರಿಗೆ ತಪ್ಪೊಪ್ಪಿಸಲೆಂದು ಮಾಡದ ಮುಂದೆ ಕೂತಾಗ ಅದನ್ನು ಬಿಚ್ಚಿದ್ದ.

"ನನ್ನ ಕೈಲೇ ಹರದದ್ದಕ್ಕಾ" ಎಂದು ಆ ದೊಡ್ಡ ಗಂಡಸು ಕಲ್ಲಿನ ಮೇಲೆ ಕೂತು ಅತ್ತ.

ಅವ್ವ ತನ್ನ ಸೀರೆಯ ಅಂಚಿನಿಂದ ಎಳೆ ತೆಗೆದು ಹೊಸೆದು ಲಿಂಗವನ್ನು ಗಿರಿಜಾಳ ಕೊರಳಿಗೆ ಕಟ್ಟಿದಳು. ತಂಬಿಗೆಯ ನೀರನ್ನು ಕಣ್ಣಿಗೆ ಒತ್ತಿಕೊಂಡಳೇ ಹೊರತು ಮಗಳ ಬಾಯಿಗೆ ಒಯ್ಯಲಿಲ್ಲ. ನರ್ಸಬಾಯಿ ಕಾಯಿಸಿ ಆರಿಸಿಟ್ಟ ನೀರನ್ನು ಲಿಂಗಕ್ಕೆ ತೋರಿಸಿ, ಕೂತ ಮಗಳ ತುಟಿಗೆ ಚಮಚ ಹಿಡಿದಳು. ಗಿರಿಜಾಳ ಗಂಟಲು ಮೇಲೆ ಹೋಗಿ ಕೆಳಗೆ ಬಂತು. ಕೆಮ್ಮಲಿಲ್ಲ. ನಾವೆಲ್ಲ ಆ ಗಂಟಲನ್ನೇ ನೋಡುತ್ತಿದ್ದೆವು.

ಆಮೇಲೆ ನಾನು ಎಲ್ಲವನ್ನೂ ಹೇಳಿದಾಗ ಡಾಕ್ಟರರು ಮೀಸೆಯಲ್ಲೇ ನಕ್ಕರು. "ಹೊರಳಿಸಿದ್ದು ಉಳಿಸ್ತು, ಬಾಯಿ ಕಾಯ್ದಿದ್ದು ಉಳಿಸ್ತು. ಪೆನ್ಸಿಲಿನ್ನೂ ಒಂದಿಷ್ಟು ಮಾಡಿರಬೇಕು."

"ಖರೇ ಐತ್ರಿ ಸಾಹೇಬರ" ಎಂದಳು ಅವ್ವ. "ಆದ್ರ ನೀವು ಕ್ಯಾಂಪಿಗೆ ಹೋಗಿದ್ರಿ. ಅವಾ ಇಲ್ಲೇ ಇದ್ದ."

ಡಾಕ್ಟರರು ಗಿರಿಜಾಳ ನಾಡಿ ಹಿಡಿದು ನೋಡಿ ಮುಂದಿನ ಮಂಚಕ್ಕೆ ಹೋದರು.

ಗಿರಿಜಾ ಬದುಕಿದ್ದಾಳೆ. ಮುಂದಿನ ಒಂದು ಹಲ್ಲು ಅರ್ಧ ಮುರಿದಿದೆ. ನಗುವಾಗ ಕೈ ಅಡ್ಡ ಹಿಡಿಯುತ್ತಾಳೆ. ಕೂಸಿಗೆ ಕಳಕವ್ವ ಎಂದು ಹೆಸರಿಟ್ಟಿದ್ದೇವೆ. ನನಗೆ ಮಾತ್ರ ತರಗತಿಯಲ್ಲಿ ಯಾವ ಹುಡುಗಿಯಾದರೂ ಗಟಗಟ ನೀರು ಕುಡಿದರೆ ಪಾಠ ನಿಂತುಹೋಗುತ್ತದೆ.

ನಂಬಿದ ನಿಮಗೆ ನನ್ನದು ಒಂದೇ ಬಿನ್ನಹ. ಎಚ್ಚರ ತಪ್ಪಿದವರ ಬಾಯಿಗೆ ತೀರ್ಥ, ಹಾಲು, ಗಂಜಿ ಏನನ್ನೂ ಹಾಕಬೇಡಿ. ಕಣ್ಣಿಗೆ ಹಚ್ಚಿ, ಹಣೆಗೆ ಹಚ್ಚಿ, ಮಗ್ಗುಲಿಗೆ ಮಲಗಿಸಿ ದವಾಖಾನೆಗೆ ಒಯ್ಯಿರಿ. ಅವನು ಅದಕ್ಕೆ ಸಿಟ್ಟಾಗುವುದಿಲ್ಲ. ಭಕ್ತೆಯ ಗಂಟಲು ಕಾಯಲು ಅವಳ ಕೊರಳನ್ನೇ ಬಿಟ್ಟು ತಂಬಿಗೆಯ ತಳದಲ್ಲಿ ಹೋಗಿ ಕೂತವನು ಅವನು.

ಇನ್ನೊಂದು ಹೇಳುವುದಿದೆ. ದವಾಖಾನೆಯಿಂದ ಮನೆಗೆ ಬಂದ ಮೇಲೆ ಮಾವ ತಲೆ ತಗ್ಗಿಸಿ ಅವ್ವನನ್ನು ಕೇಳಿದ: "ಅಕ್ಕಾ, ಹೊಲದಾಗ ಆ ಕುಣಿ ಹಂಗs ಐತಿ. ತೋಡಿದ ಕುಣಿ ಬರೇ ಮುಚ್ಚಬಾರದಂತ. ಏನ ಹಾಕೂದು ಅದರಾಗ?"

ಅವ್ವ ಎದ್ದು ಒಳಗೆ ಹೋಗಿ ಸಂದೂಕದ ಕೀಲಿ ತಂದು ಅವನ ಕೈಗಿಟ್ಟಳು. ಅದರ ತುದಿಗೆ ಕಂದು ಕಲೆ ಒಣಗಿತ್ತು.

"ಸಂದೂಕ ಹ್ಯಾಂಗ ತಗಿತೀಬೇ?" ಎಂದೆ ನಾನು.

"ಒಡದ ತಗಿಯೋಣು" ಎಂದಳು.